ಗಣಕಜಾಲದ ವಿಳಾಸಗೇಣಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದ್ದಾರೆ. ಕಚೇರಿಗಳ ಗಣಕಜಾಲಗಳನ್ನು ಕಟ್ಟುವುದು, ಕೆಟ್ಟರೆ ಸರಿಪಡಿಸುವುದು ನನ್ನ ಉದ್ಯೋಗ. ಈ ಉದ್ಯೋಗದಲ್ಲಿ ಕಣ್ಣಿಗೆ ಕಾಣುವಂಥದ್ದು ಕಡಿಮೆ. ಇದ್ದುದರಲ್ಲಿ ಎಲ್ಲರ ಮನೆಯಲ್ಲೂ ದಿನವೂ ನಡೆಯುವ, ಆದರೆ ಯಾರ ಗಮನಕ್ಕೂ ಬಾರದ ಒಂದು ವ್ಯವಹಾರವನ್ನು ಆರಿಸಿಕೊಂಡಿದ್ದೇನೆ. ಸರಕಾರಿ ಕಚೇರಿಯ ಕಿಟಕಿಯಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತನ್ನು ಕೇಳಿ ಹಿಂತಿರುಗಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಆ ಮಾತು ಎಷ್ಟು ಬಾರಿ ನಿಜ, ಎಷ್ಟು ಬಾರಿ ಅಲ್ಲ ಎಂಬುದನ್ನು ತಿಳಿಯಲು ಈ ವಿಷಯದ ಅರಿವು ಸ್ವಲ್ಪ ನೆರವಾದೀತು.

ವಿಳಾಸದ ಅಗತ್ಯ

ಅಂಚೆಯಣ್ಣನಿಗೆ ಮನೆಯ ವಿಳಾಸ ಬೇಕಾಗುವಂತೆ, ಗಣಕಜಾಲದಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶ ತಲಪಬೇಕಾದರೆ ಪ್ರತಿಯೊಂದು ಯಂತ್ರಕ್ಕೂ ವಿಳಾಸವಿರಬೇಕು. ಇದಕ್ಕೆ ಐ.ಪಿ. ವಿಳಾಸವೆಂದು ಹೆಸರು. 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯ ಪ್ರಕಾರ ಅದು 32 ಬಿಟ್‌ಗಳ ಒಂದು ಸಂಖ್ಯೆ. ಮನುಷ್ಯರ ಅನುಕೂಲಕ್ಕಾಗಿ ಅದನ್ನು ನಾಲ್ಕು ತುಂಡು ಮಾಡಿ 192.168.1.25 ಎಂಬ ರೀತಿಯಲ್ಲಿ ಬರೆಯುತ್ತಾರೆ. ಒಂದೊಂದು ತುಂಡೂ 0ಯಿಂದ 255ರೊಳಗಿನ ಸಂಖ್ಯೆ. ಇಂಥ ವಿಳಾಸಗಳು ಒಟ್ಟು 4,294,967,296. ಅಂದರೆ ಸುಮಾರು 430 ಕೋಟಿ.

ಯಂತ್ರಕ್ಕೆ ಹುಟ್ಟಿನಿಂದಲೇ ಬಂದ ಇನ್ನೊಂದು ಗುರುತೂ ಇದೆ. ತಯಾರಕರು ಜಾಲಕ್ಕೆ ಸೇರಿಸುವ ಅಂಗದಲ್ಲಿ ಬರೆದಿಡುವ 48 ಬಿಟ್‌ಗಳ ಆ ಗುರುತಿಗೆ ಮ್ಯಾಕ್ ವಿಳಾಸವೆನ್ನುತ್ತಾರೆ. ಇದನ್ನು ಮನುಷ್ಯನ ಬೆರಳಚ್ಚಿಗೂ ಐ.ಪಿ. ವಿಳಾಸವನ್ನು ಮನೆಯ ವಿಳಾಸಕ್ಕೂ ಹೋಲಿಸಬಹುದು. ಬೆರಳಚ್ಚು ಎಲ್ಲಿ ಹೋದರೂ ಜತೆಗೇ ಬರುತ್ತದೆ. ಆದರೆ ಬೆರಳಚ್ಚನ್ನು ಮಾತ್ರ ಬರೆದು ಅಂಚೆಗೆ ಹಾಕಿದರೆ ಕಾಗದ ಯಾವ ಊರಿಗೆ ಹೋಗಬೇಕೆಂದು ಯಾರಿಗೆ ತಿಳಿದೀತು? ಮನೆಯ ವಿಳಾಸದಲ್ಲಿ ಊರಿನ ಹೆಸರು ಇರುವುದರಿಂದಲೇ ಕಾಗದ ಸೇರುತ್ತದೆ. ಐ.ಪಿ. ವಿಳಾಸದಲ್ಲೂ ಹಾಗೆಯೇ, ಮೊದಲ ಭಾಗ ಯಂತ್ರ ಯಾವ ಜಾಲದಲ್ಲಿದೆಯೆಂದು ಸೂಚಿಸುತ್ತದೆ, ಉಳಿದ ಭಾಗ ಆ ಜಾಲದೊಳಗೆ ಯಾವ ಯಂತ್ರವೆಂದು ತಿಳಿಸುತ್ತದೆ. ಆದುದರಿಂದ ಯಂತ್ರ ಒಂದು ಜಾಲದಿಂದ ಇನ್ನೊಂದಕ್ಕೆ ಹೋದಾಗ ಈ ವಿಳಾಸ ಬದಲಾಗಲೇಬೇಕು. ನಮ್ಮ ಕಿಸೆಯಲ್ಲಿರುವ ಫೋನು ಬೆಳಗ್ಗೆ ಮನೆಯ ವೈಫೈಯಲ್ಲಿ ಒಂದು, ಮಧ್ಯಾಹ್ನ ಕಚೇರಿಯಲ್ಲಿ ಇನ್ನೊಂದು, ಸಂಜೆ ನೆಂಟರ ಮನೆಯಲ್ಲಿ ಮತ್ತೊಂದು ವಿಳಾಸವನ್ನು ಪಡೆಯುತ್ತದೆ. ಇವನ್ನೆಲ್ಲ ನಾವು ಕೈಯಾರೆ ಬರೆಯುವುದಿಲ್ಲ. ಹಾಗಾದರೆ ಕೊಡುವವರು ಯಾರು?

ಕೈಬರಹದ ಕಾಲ

ಮೊದಲು ಕೈಯಾರೆ ಬರೆಯುವುದೇ ಕ್ರಮವಾಗಿತ್ತು. ಜಾಲದ ಮೇಲ್ವಿಚಾರಕನು ಒಂದು ಪುಸ್ತಕದಲ್ಲಿ ಯಾವ ಯಂತ್ರಕ್ಕೆ ಯಾವ ವಿಳಾಸವೆಂದು ಬರೆದಿಟ್ಟುಕೊಂಡು ಪ್ರತಿ ಯಂತ್ರದ ಮುಂದೆಯೂ ಕುಳಿತು ಅದನ್ನು ತುಂಬಬೇಕಾಗಿತ್ತು. ಒಂದು ಅಂಕಿ ತಪ್ಪಿದರೆ ಯಂತ್ರ ಮೂಕವಾಗುತ್ತಿತ್ತು. ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದರೆ ಎರಡೂ ತೊಂದರೆಗೊಳಗಾಗುತ್ತಿದ್ದವು.

ಈ ಕಷ್ಟದಿಂದ ಪಾರಾಗುವ ಮೊದಲ ಹೆಜ್ಜೆಯಾಗಿ 1984ರಲ್ಲಿ ರಾರ್ಪ್ ಎಂಬ ಕ್ರಮ ಬಂತು. ಅದು ಯಂತ್ರಕ್ಕೆ ಅದರ ವಿಳಾಸವನ್ನಷ್ಟೇ ತಿಳಿಸುತ್ತಿತ್ತು. 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್‌ಮೋರ್ ಎಂಬವರು ಬೂಟ್‌ಪಿ ಎಂಬ ಉತ್ತಮ ಕ್ರಮವನ್ನು ರೂಪಿಸಿದರು. ಸ್ವಂತ ಡಿಸ್ಕ್ ಇಲ್ಲದ ಯಂತ್ರಗಳು ಎಚ್ಚೆತ್ತಾಗ ತಮ್ಮ ವಿಳಾಸವನ್ನೂ ತಾವು ಓದಬೇಕಾದ ಕಡತದ ಹೆಸರನ್ನೂ ಸರ್ವರಿನಿಂದ ಕೇಳಿ ಪಡೆಯುವುದಕ್ಕೆ ಅದು ಅನುಕೂಲವಾಯಿತು. ಆದರೆ ಅದರಲ್ಲೂ ಪ್ರತಿಯೊಂದು ಯಂತ್ರದ ಹೆಸರನ್ನು ಮೊದಲೇ ಪಟ್ಟಿಯಲ್ಲಿ ಬರೆದಿಡಬೇಕಿತ್ತು. ಪಟ್ಟಿಯಲ್ಲಿಲ್ಲದ ಹೊಸಬನಿಗೆ ಜಾಗವಿಲ್ಲ. ಪಟ್ಟಿಯಲ್ಲಿದ್ದವನು ಬಾರದಿದ್ದರೂ ಅವನ ಜಾಗ ಖಾಲಿಯೇ.

ಈ ಎರಡು ಕೊರತೆಗಳನ್ನೂ ನೀಗಿದ್ದು ಡಿ.ಎಚ್.ಸಿ.ಪಿ. ಎಂಬ ಕ್ರಮ. ಡೈನಮಿಕ್ ಹೋಸ್ಟ್ ಕಾನ್ಫಿಗರೇಷನ್ ಪ್ರೋಟೋಕಾಲ್ ಎಂಬುದು ಅದರ ಪೂರ್ಣ ಹೆಸರು. ಜಾಲಕ್ಕೆ ಸೇರುವ ಯಂತ್ರಕ್ಕೆ ಬೇಕಾದ ವಿವರಗಳನ್ನು ಆಗಿಂದಾಗ್ಗೆ ಒದಗಿಸುವ ಶಿಷ್ಟಾಚಾರವೆಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾನಿಲಯದ ರಾಲ್ಫ್ ಡ್ರೋಮ್ಸ್ ಅವರು ಸಿದ್ಧಪಡಿಸಿದ ಇದರ ನಿಯಮಾವಳಿ 1993ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಪರಿಷ್ಕೃತ ರೂಪವಾದ ಆರ್.ಎಫ್.ಸಿ. 2131 ಹೊರಬಂದದ್ದು 1997ರ ಮಾರ್ಚಿನಲ್ಲಿ. ಇಂದಿಗೂ ನಮ್ಮ ಮನೆಯ ವೈಫೈ ಪೆಟ್ಟಿಗೆ ನಡೆಯುವುದು ಆ ನಿಯಮಗಳ ಮೇಲೆಯೇ. ಹೊಸದನ್ನು ರೂಪಿಸಿದವರು ಹಳೆಯದನ್ನು ಕಿತ್ತೆಸೆಯಲಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಬೂಟ್‌ಪಿಯ ಸಂದೇಶದ ಅಚ್ಚನ್ನೇ, ಅದರ 67 ಮತ್ತು 68 ಎಂಬ ದ್ವಾರಸಂಖ್ಯೆಗಳನ್ನೇ ಉಳಿಸಿಕೊಂಡು ಅದರ ಮೇಲೆ ಹೊಸ ಮಾಳಿಗೆಯನ್ನು ಕಟ್ಟಿದರು.

ನಾಲ್ಕು ಮಾತಿನ ಒಪ್ಪಂದ

ಹೊಸ ಯಂತ್ರವೊಂದು ಜಾಲಕ್ಕೆ ಬಂತೆನ್ನಿ. ಅದಕ್ಕೆ ತನ್ನ ವಿಳಾಸ ತಿಳಿಯದು. ವಿಳಾಸ ಕೊಡುವವನ ವಿಳಾಸವೂ ತಿಳಿಯದು. ಅಪರಿಚಿತ ಊರಿನಲ್ಲಿ ಬಸ್ಸಿನಿಂದ ಇಳಿದವನು "ಇಲ್ಲಿ ಉಳಿಯಲು ಜಾಗ ಕೊಡುವವರು ಯಾರಾದರೂ ಇದ್ದೀರಾ?" ಎಂದು ಗಟ್ಟಿಯಾಗಿ ಕೂಗುವಂತೆ ಅದು ಇಡೀ ಜಾಲಕ್ಕೆ ಕೇಳುವ ಹಾಗೆ ಒಂದು ಸಂದೇಶ ಕಳುಹಿಸುತ್ತದೆ. ಕಳುಹಿಸಿದವನ ವಿಳಾಸದ ಜಾಗದಲ್ಲಿ 0.0.0.0 ಎಂದೂ ಸೇರಬೇಕಾದವನ ಜಾಗದಲ್ಲಿ 255.255.255.255 ಎಂದೂ ಬರೆದಿರುತ್ತದೆ. ಮೊದಲನೆಯದಕ್ಕೆ "ನಾನಿನ್ನೂ ಯಾರೂ ಅಲ್ಲ" ಎಂದೂ ಎರಡನೆಯದಕ್ಕೆ "ಇಲ್ಲಿರುವ ಎಲ್ಲರಿಗೂ" ಎಂದೂ ಅರ್ಥ. ಈ ಸಂದೇಶಕ್ಕೆ ಡಿಸ್ಕವರ್, ಅಂದರೆ ಶೋಧನೆ, ಎಂದು ಹೆಸರು. ತನ್ನ ಮ್ಯಾಕ್ ಗುರುತನ್ನೂ ಈ ಮಾತುಕತೆಗೆ ತಾನು ಆರಿಸಿಕೊಂಡ ಒಂದು ಸಂಖ್ಯೆಯನ್ನೂ ಅದರಲ್ಲಿ ಸೇರಿಸಿರುತ್ತದೆ. ಏಕಕಾಲಕ್ಕೆ ಹತ್ತು ಮಂದಿ ಕೂಗಿದರೂ ಯಾರ ಕೂಗಿಗೆ ಯಾವ ಉತ್ತರವೆಂದು ಗೊಂದಲವಾಗಬಾರದಲ್ಲ.

ಕೂಗನ್ನು ಕೇಳಿದ ಡಿ.ಎಚ್.ಸಿ.ಪಿ. ಸರ್ವರ್ ತನ್ನ ಬಳಿಯಿರುವ ಖಾಲಿ ವಿಳಾಸಗಳಲ್ಲಿ ಒಂದನ್ನು ಆರಿಸಿ "ಇದನ್ನು ಕೊಡಬಲ್ಲೆ, ಇಷ್ಟು ಅವಧಿಗೆ" ಎಂದು ಮುಂದಿಡುತ್ತದೆ. ಇದು ಆಫರ್, ಅಂದರೆ ನೀಡಿಕೆ. ಮೂರನೆಯದಾಗಿ ಯಂತ್ರವು "ಇಂಥ ಸರ್ವರ್ ನೀಡಿದ ಇಂಥ ವಿಳಾಸ ನನಗೆ ಬೇಕು" ಎಂದು ಕೋರುತ್ತದೆ. ಇದು ರಿಕ್ವೆಸ್ಟ್. ಕೊನೆಯದಾಗಿ ಸರ್ವರ್ "ಆಗಲಿ" ಎಂದು ಒಪ್ಪಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಇದು ಆ್ಯಕ್, ಅಂದರೆ ಒಪ್ಪಿಗೆ. ಸಾಮಾನ್ಯವಾಗಿ ನಾಲ್ಕು ಮಾತುಗಳೂ ಕಣ್ಣೆವೆ ಇಕ್ಕುವುದರೊಳಗೆ ಮುಗಿಯುತ್ತವೆ.

ಕೇಳುವುದು, ಕೊಡುವುದು ಎಂಬ ಎರಡೇ ಮಾತುಗಳಲ್ಲಿ ಮುಗಿಯಬಹುದಾದ ವಿಷಯಕ್ಕೆ ನಾಲ್ಕು ಮಾತುಗಳೇಕೆ ಎಂದು ಓದುಗರು ಕೇಳಬಹುದು. ಒಂದು ಜಾಲದಲ್ಲಿ ಒಂದಕ್ಕಿಂತ ಹೆಚ್ಚು ಸರ್ವರುಗಳಿರಬಹುದು. ಒಂದು ಕೆಟ್ಟರೂ ಕೆಲಸ ನಿಲ್ಲಬಾರದೆಂದು ಹಾಗೆ ಇಡುವುದುಂಟು. ಕೂಗನ್ನು ಕೇಳಿ ಎರಡೂ ಸರ್ವರುಗಳು ಒಂದೊಂದು ವಿಳಾಸವನ್ನು ಮುಂದಿಟ್ಟಾವು. ಯಂತ್ರ ಒಂದನ್ನು ಮಾತ್ರ ಒಪ್ಪಿ, ಆ ಒಪ್ಪಿಗೆಯನ್ನೂ ಎಲ್ಲರಿಗೂ ಕೇಳುವಂತೆಯೇ ಸಾರುತ್ತದೆ. ಅದನ್ನು ಕೇಳಿದ ಇನ್ನೊಂದು ಸರ್ವರ್ ತಾನು ತೆಗೆದಿರಿಸಿದ್ದ ವಿಳಾಸವನ್ನು ಹಿಂದಕ್ಕೆ ಪಡೆದು ಬೇರೆಯವರಿಗಾಗಿ ಇಟ್ಟುಕೊಳ್ಳುತ್ತದೆ. ಮೂರನೆಯ ಮಾತು ಇಲ್ಲದಿದ್ದರೆ ಎರಡು ಮನೆಗಳಲ್ಲೂ ಎಲೆ ಹಾಕಿ ಕಾದಂತಾಗುತ್ತಿತ್ತು.

ಒಪ್ಪಿಗೆಯ ಜತೆಗೆ ಸರ್ವರ್ ಇನ್ನೂ ಕೆಲವು ವಿವರಗಳನ್ನು ಕೊಡುತ್ತದೆ. ಜಾಲದ ಎಲ್ಲೆ ಎಲ್ಲಿಯವರೆಗೆ, ಊರ ಹೊರಗೆ ಹೋಗಬೇಕಾದರೆ ಯಾವ ಬಾಗಿಲಿನಿಂದ, ಹೆಸರು ಹೇಳಿದರೆ ಅಂಕಿಯ ವಿಳಾಸವನ್ನು ಹುಡುಕಿಕೊಡುವ ಡಿ.ಎನ್.ಎಸ್. ಸರ್ವರ್ ಯಾವುದು ಎಂಬ ಮೂರು ಅವುಗಳಲ್ಲಿ ಮುಖ್ಯ. ವಿಳಾಸವೊಂದೇ ಇದ್ದು ಇವು ತಪ್ಪಾಗಿದ್ದರೆ ಯಂತ್ರ ಬದುಕಿದ್ದೂ ಕೆಲಸಕ್ಕೆ ಬಾರದು. ಮುಂದೆ ಹೇಳಲಿರುವ ತೊಂದರೆಗೆ ಇದೇ ಮೂಲ.

ಮೂಲಗೇಣಿ, ವಾಯಿದೆಗೇಣಿ

ಡಿ.ಎಚ್.ಸಿ.ಪಿ. ನಿಯಮಾವಳಿಯಲ್ಲಿ ಈ ಅವಧಿಯ ಹಕ್ಕಿಗೆ ಲೀಸ್ ಎಂಬ ಪದವಿದೆ. ಇದಕ್ಕೆ ಕನ್ನಡದಲ್ಲಿ ಪದ ಹುಡುಕಲು ನಾವು ಕಾಸರಗೋಡಿನವರು ನಿಘಂಟನ್ನು ತೆರೆಯಬೇಕಾಗಿಲ್ಲ. 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ನೆಲದಲ್ಲಿ ಗೇಣಿ ಎಂಬ ಮಾತು ನಮ್ಮ ಹಿರಿಯರ ಬದುಕನ್ನೇ ಆಳಿತ್ತು. ಶಾಶ್ವತವಾದದ್ದು ಮೂಲಗೇಣಿ, ಗೊತ್ತಾದ ಅವಧಿಯದು ವಾಯಿದೆಗೇಣಿ, ಒಡೆಯನ ಮರ್ಜಿಯ ಮೇಲೆ ನಡೆಯುವುದು ಚಾಲಗೇಣಿ. ನಿಯಮಾವಳಿಯೂ ವಿಳಾಸ ಕೊಡುವ ಮೂರು ವಿಧಗಳನ್ನು ಹೇಳುತ್ತದೆ. ಒಮ್ಮೆ ಕೊಟ್ಟದ್ದನ್ನು ಶಾಶ್ವತವಾಗಿ ಬಿಡುವುದು ಒಂದು, ಇದನ್ನು ಮೂಲಗೇಣಿಯೆನ್ನೋಣ. ಗೊತ್ತಾದ ಅವಧಿಗೆ ಕೊಡುವುದು ಎರಡನೆಯದು, ಇದು ವಾಯಿದೆಗೇಣಿ. ಮೇಲ್ವಿಚಾರಕನು ಇಂಥ ಯಂತ್ರಕ್ಕೆ ಇಂಥ ವಿಳಾಸವೆಂದು ಮೊದಲೇ ಬರೆದಿಟ್ಟು ಸರ್ವರಿನ ಮೂಲಕ ಅದನ್ನು ತಲಪಿಸುವುದು ಮೂರನೆಯದು. ಮುದ್ರಣಯಂತ್ರದಂತಹ, ಎಲ್ಲರೂ ಹುಡುಕಿಕೊಂಡು ಬರುವ ಸಾಧನಗಳಿಗೆ ಮೂರನೆಯ ಕ್ರಮವೇ ಲೇಸು. ನಮ್ಮ ಫೋನುಗಳೆಲ್ಲ ವಾಯಿದೆಗೇಣಿಯ ಒಕ್ಕಲುಗಳು.

ವಾಯಿದೆ ಮುಗಿಯುವವರೆಗೂ ಯಂತ್ರ ಸುಮ್ಮನೆ ಕೂರುವುದಿಲ್ಲ. ಅವಧಿ 24 ಗಂಟೆಗಳೆಂದು ಇಟ್ಟುಕೊಳ್ಳಿ. ಅರ್ಧ ಅವಧಿ, ಅಂದರೆ 12 ಗಂಟೆ, ಕಳೆದೊಡನೆ ತನಗೆ ವಿಳಾಸ ಕೊಟ್ಟ ಸರ್ವರಿನ ಬಳಿಗೇ ಹೋಗಿ "ಮುಂದುವರಿಸಿ" ಎಂದು ಕೇಳುತ್ತದೆ. ಆಗಲಿ ಎಂದರೆ ಹೊಸದಾಗಿ 24 ಗಂಟೆ. ಉತ್ತರ ಬಾರದಿದ್ದರೆ ಪುನಃ ಪುನಃ ಕೇಳುತ್ತದೆ. ಎಂಟರಲ್ಲಿ ಏಳು ಭಾಗ, ಅಂದರೆ 21 ಗಂಟೆ, ಕಳೆದರೂ ಉತ್ತರವಿಲ್ಲದಿದ್ದರೆ ಯಾವ ಸರ್ವರಾದರೂ ಸರಿಯೆಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. 24 ಗಂಟೆ ತುಂಬಿದರೂ ಯಾರೂ ಒಪ್ಪದಿದ್ದರೆ ಆ ವಿಳಾಸವನ್ನು ಬಿಟ್ಟುಬಿಡಬೇಕು. ಸರ್ವರ್ ಕೆಟ್ಟ ಕ್ಷಣದಲ್ಲೇ ಎಲ್ಲರ ಕೆಲಸ ನಿಲ್ಲದೆ ಒಂದೊಂದಾಗಿ ನಿಲ್ಲುವುದಕ್ಕೆ ಇದೇ ಕಾರಣ.

ಕೇರಳದಲ್ಲಿ 1970ರ ಜನವರಿ 1ರಿಂದ ಭೂಸುಧಾರಣೆಯ ಕಾನೂನು ಜಾರಿಗೆ ಬಂದು ಗೇಣಿಪದ್ಧತಿ ಕೊನೆಗೊಂಡಿತು; ಉಳುವವನು ಒಡೆಯನಾದ. ಗಣಕಜಾಲದಲ್ಲಿ ಆ ನ್ಯಾಯ ಸಲ್ಲದು. ಎಲ್ಲರೂ ಒಡೆಯರಾದರೆ ಹೊಸಬರಿಗೆ ನೆಲವೇ ಉಳಿಯದು.

ಅವಧಿ ಎಷ್ಟಿರಬೇಕು?

ಇದು ಕೇವಲ ಶಾಸ್ತ್ರದ ಪ್ರಶ್ನೆಯಲ್ಲ. ಸಣ್ಣ ಜಾಲವೊಂದರಲ್ಲಿ ಹಂಚಲು ಸಿಗುವ ವಿಳಾಸಗಳು ಸಾಮಾನ್ಯವಾಗಿ 254. ಇವುಗಳಲ್ಲಿ ಒಂದು ಹೊರಬಾಗಿಲಿಗೆ, ಕೆಲವು ಮುದ್ರಣಯಂತ್ರ ಮೊದಲಾದವಕ್ಕೆ. ಹಂಚಲು 200 ಉಳಿದವೆನ್ನಿ. ಮಹೋತ್ಸವದ ದಿನ ಹಳೆವಿದ್ಯಾರ್ಥಿಗಳೆಲ್ಲ ಸೇರಿ 600 ಮಂದಿ ಬಂದು, ಎಲ್ಲರೂ ಶಾಲೆಯ ವೈಫೈಗೆ ಫೋನನ್ನು ಜೋಡಿಸಿದರೆ ಏನಾದೀತು? ಮೊದಲ 200 ಮಂದಿಗೆ ವಿಳಾಸ ಸಿಗುತ್ತದೆ. ಅವರಲ್ಲಿ ಅನೇಕರು ಬೆಳಗ್ಗಿನ ಕಾರ್ಯಕ್ರಮ ಮುಗಿಸಿ ಮನೆಗೆ ಹೋದರೂ, ಅವಧಿ 24 ಗಂಟೆಯಾಗಿದ್ದರೆ ಅವರ ಹೆಸರಿನಲ್ಲಿ ವಿಳಾಸ ಮರುದಿನದವರೆಗೂ ಬಿದ್ದಿರುತ್ತದೆ. ಹೋಗುವಾಗ "ಬಿಟ್ಟುಕೊಟ್ಟೆ" ಎಂದು ತಿಳಿಸಲು ರಿಲೀಸ್ ಎಂಬ ಸಂದೇಶ ಇದೆಯಾದರೂ, ಜಾಲದ ಎಲ್ಲೆಯಿಂದ ಹೊರಗೆ ನಡೆದುಹೋದ ಫೋನು ಅದನ್ನು ಹೇಳುವುದೆಂತು? ಸಂಜೆ ಬಂದವರಿಗೆ ವೈಫೈಯ ಗುರುತು ಪೂರ್ತಿ ಕಾಣುತ್ತದೆ, ಗುಪ್ತಪದವೂ ಸರಿಯಾಗಿರುತ್ತದೆ, ಆದರೂ "ಐ.ಪಿ. ವಿಳಾಸ ಪಡೆಯಲಾಗುತ್ತಿದೆ" ಎಂಬಲ್ಲಿಗೇ ಫೋನು ನಿಂತುಬಿಡುತ್ತದೆ. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಅವಧಿಯನ್ನು ಒಂದು ಗಂಟೆಗೆ ಇಳಿಸಿದರೆ, ಬಿಟ್ಟುಹೋದವರ ವಿಳಾಸಗಳು ಬೇಗ ಮರಳುತ್ತವೆ. ಏಕಕಾಲಕ್ಕೆ 600 ಮಂದಿಯೂ ಇರುವರೆಂದಾದರೆ ಜಾಲದ ಎಲ್ಲೆಯನ್ನೇ ಹಿಗ್ಗಿಸಬೇಕು. ಸಮಾರಂಭದ ಸಿದ್ಧತೆಯಲ್ಲಿ ಕುರ್ಚಿ, ಎಲೆಗಳ ಲೆಕ್ಕದಂತೆ ಇದೂ ಒಂದು ಲೆಕ್ಕವಾಗಬೇಕೆಂದು ನನ್ನ ಸಲಹೆ.

ಕಟ್ಟಡಗಳು ಹೆಚ್ಚಾದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಯಂತ್ರದ ಆ ಮೊದಲ ಕೂಗು ತನ್ನ ಜಾಲದ ಎಲ್ಲೆಯನ್ನು ದಾಟುವುದಿಲ್ಲ. ಹಾಗೆಂದು ಪ್ರತಿ ಜಾಲಕ್ಕೂ ಒಂದೊಂದು ಸರ್ವರ್ ಇಡುವುದು ದುಬಾರಿ. ಆದುದರಿಂದ ಎಲ್ಲೆಯಲ್ಲಿರುವ ರೂಟರ್ ಆ ಕೂಗನ್ನು ಕೇಳಿಸಿಕೊಂಡು, ತನ್ನ ವಿಳಾಸವನ್ನು ಅದರಲ್ಲಿ ಬರೆದು, ದೂರದ ಸರ್ವರಿಗೆ ದಾಟಿಸುತ್ತದೆ. ಯಾವ ರೂಟರಿನ ಹೆಸರಿದೆಯೆಂದು ನೋಡಿ ಸರ್ವರ್ ಆ ಜಾಲಕ್ಕೆ ಸೇರಿದ ವಿಳಾಸವನ್ನೇ ಆರಿಸಿ ಕೊಡುತ್ತದೆ.

ನಂಬಿಕೆಯ ದೌರ್ಬಲ್ಯ

ಈ ಪದ್ಧತಿಯಲ್ಲಿ ಒಂದು ದೊಡ್ಡ ದೌರ್ಬಲ್ಯವಿದೆ. ಕೂಗಿದ ಯಂತ್ರ ಉತ್ತರಿಸಿದವನನ್ನು ನಂಬುತ್ತದೆ. "ನೀನು ಯಾರು? ವಿಳಾಸ ಕೊಡುವ ಅಧಿಕಾರ ನಿನಗೆ ಯಾರಿಂದ ಬಂತು?" ಎಂದು ಅದು ಕೇಳುವುದಿಲ್ಲ. ಹಾಗೆ ಕೇಳುವ ವಿಧಾನವೊಂದನ್ನು 2001ರಲ್ಲಿ ರೂಪಿಸಿದರಾದರೂ ಅದು ಬಳಕೆಗೆ ಬಂದದ್ದು ಅತ್ಯಲ್ಪ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಿಂದ ನನಗೆ ಕರೆ ಬಂತು. ಅಲ್ಲಿ ನಾಲ್ಕು ಕಿಟಕಿಗಳು. ಎರಡು ದಿನಗಳಿಂದ ಒಂದು ಕಿಟಕಿ ಕೆಲಸ ಮಾಡಿದರೆ ಇನ್ನೊಂದು ಇಲ್ಲ. ಬೆಳಗ್ಗೆ ನಡೆದದ್ದು ಮಧ್ಯಾಹ್ನ ನಿಲ್ಲುತ್ತದೆ. "ಸರ್ವರ್ ಇಲ್ಲ" ಎಂಬ ಮಾತು ಕೇಳಿ ಪಿಂಚಣಿಯ ಕಾಗದ ಹಿಡಿದ ವೃದ್ಧರು, ಒಳನಾಡಿನಿಂದ ಜೀಪಿನ ಬಾಡಿಗೆ ಕೊಟ್ಟು ಬಂದವರು ಎರಡು ದಿನವೂ ಬರಿಗೈಯಲ್ಲಿ ಮರಳಿದ್ದರು. ತಿರುವನಂತಪುರದಲ್ಲಿದ್ದ ಸರ್ವರ್ ಆ ಎರಡು ದಿನವೂ ಸರಿಯಾಗಿಯೇ ಇತ್ತು. ನಿಂತಿದ್ದ ಯಂತ್ರದ ವಿಳಾಸವನ್ನು ನೋಡಿದೆ. ಆ ಕಚೇರಿಯ ವಿಳಾಸಗಳೆಲ್ಲ 10ರಿಂದ ಆರಂಭವಾಗಬೇಕು, ಇದರದ್ದು 192.168ರಿಂದ ಆರಂಭವಾಗಿತ್ತು. ಅಂದರೆ ಬೇರೆ ಯಾರೋ ಗೇಣಿಚೀಟಿ ಬರೆದುಕೊಡುತ್ತಿದ್ದಾರೆಂದಾಯಿತು. ಹುಡುಕಿದಾಗ ಹಿಂದಿನ ಕೋಣೆಯ ಮೇಜಿನ ಕೆಳಗೆ ಹೊಸ ವೈಫೈ ಪೆಟ್ಟಿಗೆಯೊಂದು ಸಿಕ್ಕಿತು. ಫೋನಿಗೆ ವೈಫೈ ಬೇಕೆಂದು ಯಾರೋ ಮನೆಯಿಂದ ತಂದು ಕಚೇರಿಯ ತಂತಿಗೆ ಜೋಡಿಸಿದ್ದರು. ಇಂಥ ಪೆಟ್ಟಿಗೆಗಳಲ್ಲಿ ಡಿ.ಎಚ್.ಸಿ.ಪಿ. ಸರ್ವರ್ ಹುಟ್ಟಿನಿಂದಲೇ ಚಾಲೂ ಇರುತ್ತದೆ. ಯಂತ್ರ ಕೂಗಿದಾಗ ನಿಜವಾದ ಸರ್ವರಿಗಿಂತ ಮೊದಲು ಅದು ಉತ್ತರಿಸುತ್ತಿತ್ತು. ಮೊದಲು ಬಂದ ನೀಡಿಕೆಯನ್ನೇ ಯಂತ್ರ ಒಪ್ಪುತ್ತಿತ್ತು. ಹೊಸದಾಗಿ ಕೂಗಿದ ಯಂತ್ರಗಳಿಗೆ ತಪ್ಪು ವಿಳಾಸ, ತಪ್ಪು ಬಾಗಿಲು. ಹಳೆಯ ವಾಯಿದೆ ಮುಗಿಯದ ಯಂತ್ರಗಳಿಗೆ ಸರಿಯಾದದ್ದು. ಒಂದು ಕಿಟಕಿ ನಡೆದು ಇನ್ನೊಂದು ನಿಂತದ್ದು ಹೀಗೆ. ಪೆಟ್ಟಿಗೆಯನ್ನು ಕಳಚಿ, ಯಂತ್ರಗಳಿಗೆ ವಿಳಾಸವನ್ನು ಬಿಟ್ಟು ಹೊಸದಾಗಿ ಪಡೆಯಲು ಹೇಳಿದಾಗ ಹತ್ತು ನಿಮಿಷಗಳಲ್ಲಿ ನಾಲ್ಕು ಕಿಟಕಿಗಳೂ ತೆರೆದವು. ಆದರೆ ಮರಳಿಹೋದವರ ಎರಡು ದಿನಗಳನ್ನು ಹಿಂದಕ್ಕೆ ಕೊಡುವವರಾರು?

ಇದು ಅರಿಯದೆ ನಡೆದದ್ದು. ಅರಿತೇ ಮಾಡುವ ವಂಚಕನು ತಾನೇ ಹೊರಬಾಗಿಲೆಂದು ನಂಬಿಸಿ, ಇತರರ ಸಂದೇಶಗಳೆಲ್ಲ ತನ್ನ ಮೂಲಕವೇ ಹಾದುಹೋಗುವಂತೆ ಮಾಡಬಲ್ಲ. ಆದುದರಿಂದ ಒಳ್ಳೆಯ ಕಚೇರಿಗಳ ಸ್ವಿಚ್‌ಗಳಲ್ಲಿ, ಗೊತ್ತಾದ ಒಂದು ತಂತಿಯಿಂದ ಬಂದ ನೀಡಿಕೆಯನ್ನು ಮಾತ್ರ ಬಿಟ್ಟು ಉಳಿದವನ್ನು ತಡೆಯುವ ಏರ್ಪಾಟು ಇರುತ್ತದೆ. ಅದಕ್ಕೆ ಡಿ.ಎಚ್.ಸಿ.ಪಿ. ಸ್ನೂಪಿಂಗ್ ಎನ್ನುತ್ತಾರೆ. ಏರ್ಪಾಟು ಇದ್ದರೆ ಸಾಲದು, ಅದನ್ನು ಚಾಲೂ ಮಾಡಿರಬೇಕು.

ಮನೆಯಲ್ಲಿ ನೋಡಬೇಕಾದದ್ದು

ಮನೆಯಲ್ಲಿ ಜಾಲ ನಿಂತಾಗ ಮೊದಲು ಯಂತ್ರದ ವಿಳಾಸವನ್ನು ನೋಡಿ. ವಿಂಡೋಸ್ ಯಂತ್ರದಲ್ಲಿ ಐಪಿಕಾನ್ಫಿಗ್ ಎಂಬ ಆಜ್ಞೆ, ಫೋನಿನಲ್ಲಿ ವೈಫೈಯ ವಿವರಗಳ ಪುಟ ಅದನ್ನು ತೋರಿಸುತ್ತದೆ. 169.254ರಿಂದ ಆರಂಭವಾಗಿದ್ದರೆ ಯಂತ್ರ ಕೂಗಿ ಕೂಗಿ, ಉತ್ತರ ಬಾರದೆ, ತನಗೆ ತಾನೇ ಒಂದು ತಾತ್ಕಾಲಿಕ ವಿಳಾಸವನ್ನು ಕಟ್ಟಿಕೊಂಡಿದೆಯೆಂದರ್ಥ. ಅದರಿಂದ ಪಕ್ಕದ ಯಂತ್ರದೊಡನೆ ಮಾತಾಡಬಹುದಷ್ಟೆ, ಹೊರಗೆ ಹೋಗಲಾಗದು. ಆಗ ದೋಷವಿರುವುದು ತಂತಿಯಲ್ಲೋ ವೈಫೈ ಪೆಟ್ಟಿಗೆಯಲ್ಲೋ ಆಗಿರುತ್ತದೆ. ವಿಳಾಸ ಎಂದಿನಂತೆಯೇ ಇದ್ದು ಹೊರಜಗತ್ತು ಮಾತ್ರ ಕಾಣದಿದ್ದರೆ ದೋಷವನ್ನು ಹೆಚ್ಚಾಗಿ ಪೆಟ್ಟಿಗೆಯಿಂದಾಚೆಗೆ, ಕಂಪೆನಿಯವರ ಕಡೆ ಹುಡುಕಬೇಕು. ಇಷ್ಟನ್ನು ನೋಡಿ ಹೇಳಿದರೆ ದುರಸ್ತಿಗೆ ಬರುವವರ ಅರ್ಧ ಕೆಲಸ ಮುಗಿದಂತೆ.

ಸರ್ವರಿನ ಪುಸ್ತಕದಲ್ಲಿ ಯಾವ ಯಂತ್ರ ಯಾವಾಗ ಯಾವ ವಿಳಾಸದಲ್ಲಿತ್ತೆಂದು ದಾಖಲಾಗುತ್ತದೆಂಬುದೂ ನೆನಪಿರಲಿ. ಅಪರಾಧಗಳ ತನಿಖೆಗೆ ಇದು ಉಪಯುಕ್ತ. ಹಾಗೆಯೇ ಒಬ್ಬನ ಓಡಾಟವನ್ನು ಗಮನಿಸುವುದಕ್ಕೂ ಸಾಧನವಾದೀತು. ಆದುದರಿಂದ 2019ರಲ್ಲಿ ಬಂದ ಆಂಡ್ರಾಯ್ಡ್ 10, 2020ರಲ್ಲಿ ಬಂದ ಐ.ಒ.ಎಸ್. 14ರಿಂದ ಮೊದಲ್ಗೊಂಡು ಫೋನುಗಳು ಒಂದೊಂದು ವೈಫೈಗೆ ಒಂದೊಂದು ಕಲ್ಪಿತ ಮ್ಯಾಕ್ ಗುರುತನ್ನು ತೋರಿಸುತ್ತವೆ.

430 ಕೋಟಿ ವಿಳಾಸಗಳು ಜಗತ್ತಿಗೆ ಸಾಲವೆಂಬುದು ಬಹುಕಾಲದ ಹಿಂದೆಯೇ ತಿಳಿದಿತ್ತು. ಜಾಗತಿಕ ಭಂಡಾರದ ಕೊನೆಯ ಕಂತುಗಳು 2011ರ ಫೆಬ್ರವರಿ 3ರಂದು ಹಂಚಿಹೋದವು. ಮನೆಯೊಳಗೆ 192.168ರ ಖಾಸಗಿ ವಿಳಾಸಗಳನ್ನು ಬಳಸಿ, ಹೊರಗೆ ಒಂದೇ ವಿಳಾಸದಿಂದ ವ್ಯವಹರಿಸುವ ಉಪಾಯದಿಂದ ಹಳೆಯ ಕ್ರಮ ಇನ್ನೂ ನಡೆದಿದೆ. 128 ಬಿಟ್‌ಗಳ ಹೊಸ ಐ.ಪಿ.ವಿ.6 ಕ್ರಮದಲ್ಲಿ ಯಂತ್ರವೇ ತನ್ನ ವಿಳಾಸವನ್ನು ರಚಿಸಿಕೊಳ್ಳಲೂಬಹುದು, ಅದಕ್ಕಾಗಿಯೇ ರೂಪಿಸಿದ ಡಿ.ಎಚ್.ಸಿ.ಪಿ.ವಿ.6ರಿಂದ ಪಡೆಯಲೂಬಹುದು.

ಮಕ್ಕಳಿಗೆ ಒಂದು ಮಾತು

ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಬೆಳೆದಿದೆ. ಮಕ್ಕಳು ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶದ ಮೇಲೆ ಕಲಿಯುತ್ತಾರೆ. ಡಿ.ಎಚ್.ಸಿ.ಪಿ. ನಿಯಮಾವಳಿಯೂ ಯಾರು ಬೇಕಾದರೂ ಓದಬಹುದಾದ ಮುಕ್ತ ಬರಹ. ಪ್ರಯೋಗಾಲಯದ ಎರಡು ಹಳೆಯ ಯಂತ್ರಗಳನ್ನು ಶಾಲೆಯ ಜಾಲದಿಂದ ಬೇರ್ಪಡಿಸಿ, ಒಂದನ್ನು ಸರ್ವರ್ ಮಾಡಿ, ನಾಲ್ಕು ಮಾತುಗಳು ಸಾಗುವುದನ್ನು ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶದಿಂದ ಕಣ್ಣಾರೆ ನೋಡಬಹುದು. ನಮ್ಮ ಹಳೆವಿದ್ಯಾರ್ಥಿ ಸಂಘವು ಇದಕ್ಕೆ ನೆರವಾದರೆ ಬಹಳ ಒಳ್ಳೆಯದು.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿದರೆ ಮುಂದೇನು ಎಂಬ ಪ್ರಶ್ನೆಯನ್ನು ಹೆತ್ತವರು ಇಂದಿಗೂ ಕೇಳುತ್ತಾರೆ. ನಾನು ಹತ್ತನೆಯ ತರಗತಿಯವರೆಗೆ ಕಲಿತದ್ದು ಈ ಶಾಲೆಯಲ್ಲಿ, ಕನ್ನಡದಲ್ಲಿ. ಮುಂದೆ ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಕಲಿಯಲು ಬೇಕಾದದ್ದು ಕೆಲವು ತಿಂಗಳ ಶ್ರಮ ಮಾತ್ರ. ಒಂದು ವಿಷಯ ಏಕೆ ಹಾಗೆಂದು ಕೇಳುವ, ತಿಳಿಯುವವರೆಗೂ ಬಿಡದಿರುವ ಅಭ್ಯಾಸ ಬಂದದ್ದು ಇಲ್ಲಿಯ ಗುರುಗಳಿಂದ, ಮನೆಮಾತಿನಲ್ಲಿ. ಲೀಸ್ ಎಂದಾಗ ಗೇಣಿ ಎಂದು ಮನಸ್ಸಿಗೆ ಹೊಳೆಯುವವನಿಗೆ ವಿಷಯ ಅರ್ಧ ಅರ್ಥವಾದಂತೆಯೇ. ಆ ಗುರುಗಳಿಗೆ ವಂದಿಸಿ, ಶಾಲೆ ಶತಮಾನೋತ್ಸವವನ್ನು ಕಾಣಲೆಂದು ಹಾರೈಸುತ್ತೇನೆ.